ನೀರು ಸೋಸುವ ಬಟ್ಟೆಯೂ ಬತ್ತಿದ ಸಮುದ್ರವೂ

ಶ್ರಾವಕನ ಮನೆಯನ್ನು ಗುರುತಿಸುವುದಕ್ಕೆ ನಮ್ಮ ಹಿರಿಯರು ಮೂರು ಲಕ್ಷಣಗಳನ್ನು ಹೇಳುತ್ತಿದ್ದರು: ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ ಮತ್ತು ಸೋಸಿದ ನೀರಿನ ಬಳಕೆ. ಇವುಗಳಲ್ಲಿ ಮೂರನೆಯದನ್ನು ನಾನು ಕಲಿತದ್ದು ಶಾಸ್ತ್ರದಿಂದಲ್ಲ, ನನ್ನ ತಾಯಿಯವರಿಂದ. ಅವರು ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಹತ್ತಿಬಟ್ಟೆಯಲ್ಲಿ ಸೋಸಿ, ಬಳಿಕ ಆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹನಿಸಿ, ಅದರಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುತ್ತಿದ್ದರು. ಹಿತ್ತಲಿನ ಗಿಡದ ಬುಡಕ್ಕೆ ಚೆಲ್ಲಿದರೆ ಆಗದೇ ಎಂದು ನಾನು ಬಾಲ್ಯದಲ್ಲಿ ಕೇಳಿದ್ದುಂಟು. "ಯಾವ ನೀರಿನಾಗ ಹುಟ್ಟ್ಯಾವೋ ಆ ನೀರಿಗೇ ಮುಟ್ಟಸಬೇಕಪ್ಪಾ" ಎಂದಷ್ಟೇ ಅವರು ಹೇಳಿದರು. ಅಹಿಂಸೆಯನ್ನು ಕುರಿತು ಅನಂತರ ಎಷ್ಟೋ ಪ್ರವಚನಗಳನ್ನು ಕೇಳಿದ್ದೇನೆ. ಆದರೆ ಜೀವವನ್ನು ಕೊಲ್ಲದಿರುವುದಷ್ಟೇ ಸಾಲದು, ಅದರ ನೆಲೆಯನ್ನೂ ಅದಕ್ಕೆ ಉಳಿಸಿಕೊಡಬೇಕು ಎಂಬ ತತ್ತ್ವ ಇಷ್ಟು ಸರಳವಾಗಿ ಬೇರೆಲ್ಲಿಯೂ ನನಗೆ ದೊರೆತಿಲ್ಲ.

ಕಳೆದ ದಶಲಕ್ಷಣ ಪರ್ವದಲ್ಲಿ ನಮ್ಮೂರಿನ ಬಸದಿಯ ಸ್ವಾಧ್ಯಾಯದಲ್ಲಿ ಶ್ರಾವಕಾಚಾರದ ವಿಷಯ ನಡೆದಿತ್ತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಖರಕರ್ಮಗಳ, ಎಂದರೆ ಕ್ರೂರ ವೃತ್ತಿಗಳ ಪಟ್ಟಿ ಬರುತ್ತದೆ. ಕಾಡು ಕಡಿದು ಮಾರುವುದು, ಯಂತ್ರದಿಂದ ಹಿಂಡುವುದು, ಕಾಡಿಗೆ ಬೆಂಕಿಯಿಡುವುದು ಮೊದಲಾದವುಗಳ ಜೊತೆಗೆ ಸರಃಶೋಷ ಎಂಬುದೂ ಅಲ್ಲಿದೆ. ಸರೋವರವನ್ನು ಒಣಗಿಸುವುದು ಎಂದು ಅದರ ಅರ್ಥ. ಓದುತ್ತಿದ್ದವನು ನಾನು. ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು, "ಕಾಕಾ, ಕೆರೆ ಒಣಗಸೋ ವ್ಯಾಪಾರ ಈಗ ಯಾರು ಮಾಡ್ತಾರ್ರೀ?" ಎಂದು ಕೇಳಿದಳು. ಅದು ಹಿಂದಿನ ಕಾಲದ ಮಾತು, ಬೇಸಾಯಕ್ಕಾಗಿ ಕೆರೆ ಬಸಿಯುವವರನ್ನು ಕುರಿತದ್ದು, ವ್ಯಾಪಾರಸ್ಥರಾದ ನಮಗೆ ಅದು ಅನ್ವಯಿಸದು ಎಂದು ನಗುತ್ತ ಉತ್ತರಿಸಿ ಮುಂದಿನ ಶ್ಲೋಕಕ್ಕೆ ಹೋದೆ. ಸ್ವಾಧ್ಯಾಯ ಮುಗಿದ ಮೇಲೆ ಅವಳು ತನ್ನ ಭೂಗೋಳದ ಪುಸ್ತಕದ ಒಂದು ಚಿತ್ರವನ್ನು ನನಗೆ ತೋರಿಸಿದಳು. ಮರಳಿನ ಮೇಲೆ ತುಕ್ಕು ಹಿಡಿದು ನಿಂತ ಹಡಗುಗಳು. ಸುತ್ತ ನೀರಿನ ಸುಳಿವಿಲ್ಲ. ಅದು ಅರಲ್ ಸಮುದ್ರದ ತಳ. ಅದು ಒಣಗಿದ್ದು ಹತ್ತಿಗಾಗಿ. ನಾನು ನಲವತ್ತು ವರ್ಷಗಳಿಂದ ಹತ್ತಿಬಟ್ಟೆಯ ವ್ಯಾಪಾರಿ. ನನ್ನ ಉತ್ತರ ತಪ್ಪಾಗಿತ್ತೆಂಬುದು ಅಲ್ಲಿಯೇ ನನಗೆ ತಿಳಿಯಿತು. ಈ ಲೇಖನವನ್ನು ಆ ತಪ್ಪಿನ ಆಲೋಚನೆಯೆಂದು ವಾಚಕರು ಭಾವಿಸಬೇಕು.

ಮೊದಲು ಸಂಗತಿಯನ್ನು ತಿಳಿಯೋಣ. ಅರಲ್ ಎಂಬುದು ಹೆಸರಿಗೆ ಸಮುದ್ರವಾದರೂ ವಾಸ್ತವವಾಗಿ ಒಂದು ಸರೋವರ. ಇಂದಿನ ಕಜಕಸ್ತಾನ ಮತ್ತು ಉಜ್ಬೇಕಿಸ್ತಾನಗಳ ನಡುವೆ ಅದು ಹರಡಿತ್ತು. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು. ಜಗತ್ತಿನ ಸರೋವರಗಳಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನವಿತ್ತು. ಪಾಮೀರ್ ಮತ್ತು ತಿಯಾನ್ ಶಾನ್ ಪರ್ವತಗಳ ಹಿಮ ಕರಗಿ ಹರಿಯುವ ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳೇ ಅದಕ್ಕೆ ಆಧಾರ. ಅಲ್ಲಿಂದ ಹೊರಗೆ ಹರಿಯುವ ನದಿ ಒಂದೂ ಇಲ್ಲ. ಬಂದಷ್ಟು ನೀರು, ಆವಿಯಾದಷ್ಟು ನೀರು, ಇವೆರಡರ ಸಮತೋಲವೇ ಆ ಸರೋವರದ ಆಯುಷ್ಯ. ಮೀನುಗಾರರು ವರ್ಷಕ್ಕೆ ನಲವತ್ತು ಸಾವಿರ ಟನ್ನಿಗೂ ಹೆಚ್ಚು ಮೀನು ಹಿಡಿಯುತ್ತಿದ್ದರು. ಅದೂ ಹಿಂಸೆಯೇ ಎಂಬುದನ್ನು ನಾನು ಮರೆಮಾಡುವುದಿಲ್ಲ. ಆದರೆ ಮುಂದೆ ನಡೆದದ್ದು ಆ ಹಿಂಸೆಯನ್ನೂ ಮೀರಿದ್ದು. ಏಕೆಂದರೆ ಅಲ್ಲಿ ಮೀನು ಸತ್ತದ್ದಷ್ಟೇ ಅಲ್ಲ, ಮೀನು ಹುಟ್ಟಬಹುದಾದ ಯೋನಿಸ್ಥಾನವೇ ಅಳಿಯಿತು.

ಸೋವಿಯತ್ ಒಕ್ಕೂಟದ ಆಡಳಿತವು ಮಧ್ಯ ಏಷ್ಯದ ಮರುಭೂಮಿಯಲ್ಲಿ ಹತ್ತಿ ಬೆಳೆಯಲು ಈ ಎರಡು ನದಿಗಳನ್ನು ಕಾಲುವೆಗಳಿಗೆ ತಿರುಗಿಸಿತು. ಹತ್ತಿಗೆ ಅಲ್ಲಿ ಬಿಳಿಯ ಚಿನ್ನವೆಂಬ ಹೆಸರೇ ಬಂತು. 1954ರಲ್ಲಿ ಆರಂಭವಾದ ಕಾರಾಕುಂ ಕಾಲುವೆ ಅಮು ದರಿಯಾದ ನೀರನ್ನು ತುರ್ಕಮೆನಿಸ್ತಾನದ ಮರಳುಗಾಡಿಗೆ ಒಯ್ದು, ಕೊನೆಗೆ ಸಾವಿರದ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಬೆಳೆಯಿತು. ತಳಕ್ಕೆ ಗಚ್ಚು ಹಾಕದ ಆ ಕಾಲುವೆಯಲ್ಲಿ ನೀರಿನ ದೊಡ್ಡ ಭಾಗ ಮರಳಿನಲ್ಲಿ ಇಂಗಿಹೋಯಿತು. ಸಮುದ್ರ ಕುಗ್ಗುತ್ತದೆಂಬುದು ಯೋಜನೆ ಹಾಕಿದವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಹತ್ತಿಯ ಬೆಲೆ ಮೀನಿನ ಬೆಲೆಗಿಂತ ಹೆಚ್ಚೆಂದು ಅವರು ಲೆಕ್ಕ ಹಾಕಿದ್ದರು. ನಾನೂ ವಾಣಿಜ್ಯ ಓದಿದವನು. ಆ ಲೆಕ್ಕದ ಜಮಾ ಬದಿಯಲ್ಲಿ ಹತ್ತಿಯ ಬೆಲೆ ಇತ್ತು. ಆದರೆ ಕರಗುತ್ತಿದ್ದ ಸಮುದ್ರವು ಖರ್ಚಿನ ಬದಿಯಲ್ಲಿ ಎಲ್ಲಿಯೂ ಬರಲಿಲ್ಲ. ಅಂಗಡಿಯ ಹಳೆಯ ತಕ್ಕಡಿಗೂ ಸವಕಳಿ ಬರೆಯುವ ನಾವು, ಒಂದು ಸಮುದ್ರದ ಸವಕಳಿಯನ್ನು ಬರೆಯದ ಅಢಾವೆ ಪತ್ರಿಕೆಗೆ ಏನೆನ್ನಬೇಕು?

ಪರಿಣಾಮ ಒಂದೇ ತಲೆಮಾರಿನಲ್ಲಿ ಕಂಡಿತು. 1980ರ ದಶಕದ ಆರಂಭದ ಹೊತ್ತಿಗೆ ಮೀನುಗಾರಿಕೆ ನಿಂತುಹೋಯಿತು. ಉಜ್ಬೇಕಿಸ್ತಾನದ ಮುಯ್ನಾಕ್ ಎಂಬ ಬಂದರು ಊರಿನಿಂದ ನೀರು ನೂರು ಕಿಲೋಮೀಟರಿಗೂ ಹೆಚ್ಚು ದೂರ ಸರಿಯಿತು. 1980ರ ದಶಕ ಮುಗಿಯುವುದರೊಳಗೆ ಸಮುದ್ರ ಉತ್ತರ, ದಕ್ಷಿಣಗಳೆಂದು ಎರಡಾಗಿ ಸೀಳಿತು. ಲೀಟರಿಗೆ ಹತ್ತು ಗ್ರಾಮಿನಷ್ಟಿದ್ದ ಉಪ್ಪು ದಕ್ಷಿಣದ ಭಾಗದಲ್ಲಿ ನೂರನ್ನು ದಾಟಿತು. 2014ರಲ್ಲಿ ದಕ್ಷಿಣ ಭಾಗದ ಪೂರ್ವದ ಪಾತ್ರ ಪೂರ್ಣವಾಗಿ ಒಣಗಿತು. ಬಯಲಾದ ತಳದಿಂದ ಎದ್ದ ಗಾಳಿ ಉಪ್ಪನ್ನೂ ಹೊಲಗಳಿಂದ ಹರಿದು ಬಂದಿದ್ದ ಕೀಟನಾಶಕಗಳ ಧೂಳನ್ನೂ ಸುತ್ತಲಿನ ಜನರ ಉಸಿರಿಗೆ ಸೇರಿಸಿತು. ಹತ್ತಿ ಬೆಳೆದ ಹೊಲಗಳ ಮೇಲೆಯೇ ಆ ಉಪ್ಪು ಬಂದು ಬಿತ್ತು.

ನಮ್ಮ ಆಗಮದ ದೃಷ್ಟಿಯಿಂದ ಇಲ್ಲಿ ನಡೆದ ಹಿಂಸೆ ಎಷ್ಟು? ನೀರಿನಲ್ಲಿರುವ ಜೀವಗಳಷ್ಟೇ ಅಲ್ಲ, ನೀರೇ ಕಾಯವಾಗಿರುವ ಅಪ್ಕಾಯಿಕ ಜೀವಗಳನ್ನು ನಾವು ಒಪ್ಪುತ್ತೇವೆ. ಸೋಸಿದ ನೀರಿನ ಶುದ್ಧತೆಯೂ ಒಂದು ಮುಹೂರ್ತ, ಎಂದರೆ 48 ನಿಮಿಷ ಮಾತ್ರವೆಂದು ಎಣಿಸುವ ಸಮಾಜ ನಮ್ಮದು. ಒಂದು ಕೊಡ ನೀರಿನ ವಿಷಯದಲ್ಲಿ ಇಷ್ಟು ಎಚ್ಚರವಿರುವವರು ಒಂದು ಸಮುದ್ರದ ವಿಷಯದಲ್ಲಿ ಉದಾಸೀನರಾಗಿರುವುದು ಹೇಗೆ ಸರಿ? ಇದಕ್ಕಿಂತ ಚುಚ್ಚುವ ಸಂಗತಿ ಇನ್ನೊಂದಿದೆ. ನೀರಿನ ಜೀವಗಳನ್ನು ಕಾಪಾಡಲು ನಾವು ಹಿಡಿಯುವ ಬಟ್ಟೆ ಹತ್ತಿಯದು. ಥಾನಿನ ಮೇಲೆ ಗಿರಣಿಯ ಹೆಸರಿರುತ್ತದೆ, ಅಳತೆಯಿರುತ್ತದೆ, ಬೆಲೆಯಿರುತ್ತದೆ. ಆ ಹತ್ತಿಯನ್ನು ಯಾವ ನೀರು ಬೆಳೆಸಿತೆಂಬುದು ಇರುವುದಿಲ್ಲ. ಬೇಲುಗಳು ದೇಶದಿಂದ ದೇಶಕ್ಕೆ ಹೋಗುತ್ತವೆ, ನೂಲು ನೂಲಿನೊಡನೆ ಬೆರೆಯುತ್ತದೆ. ನಲವತ್ತು ವರ್ಷಗಳಲ್ಲಿ ನಾನು ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ ಎಂದು ಕೇಳಿದ್ದೇನೆ. ಎಲ್ಲಿಯ ನೀರು ಎಂದು ಒಮ್ಮೆಯೂ ಕೇಳಿಲ್ಲ.

ಇದಕ್ಕೆ ಒಬ್ಬ ಮಿತ್ರರು ಆಕ್ಷೇಪವೆತ್ತಿದರು: ಸಾವಿರಾರು ಮೈಲಿ ದೂರದಲ್ಲಿ ಒಂದು ಸರ್ಕಾರ ಮಾಡಿದ ಕೆಲಸಕ್ಕೂ ನಮ್ಮ ಅಂಗಡಿಗೂ ಏನು ಸಂಬಂಧ? ನಾವು ದಿಗ್ವ್ರತ ಹಿಡಿದು ದಿಕ್ಕುಗಳಿಗೆ ಮಿತಿ ಹಾಕಿಕೊಂಡಿದ್ದೇವೆ; ಆ ಮಿತಿಯ ಹೊರಗಿನ ಪಾಪ ನಮ್ಮದಲ್ಲ. ಈ ಮಾತು ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ದಿಗ್ವ್ರತದ ಉದ್ದೇಶವೇನು? ಮಿತಿಯ ಹೊರಗೆ ನನ್ನ ದೇಹ ಹೋಗದಿರುವುದರಿಂದ ಅಲ್ಲಿಯ ಜೀವಗಳಿಗೆ ನನ್ನಿಂದ ಅಭಯ ದೊರೆಯಲಿ ಎಂಬುದು. ನಾನು ಹೋಗದೆ ನನ್ನ ಹಣ ಅಲ್ಲಿಗೆ ಹೋದರೆ, ಅಲ್ಲಿಯ ಸರಕು ನನ್ನಲ್ಲಿಗೆ ಬಂದರೆ, ಆ ಅಭಯ ಉಳಿಯಿತೇ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಭಾವಗಳ ಗಣನೆಯಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯ ಎಂಬ ಮೂರರಿಂದ, ಅದನ್ನು ಕೃತ, ಕಾರಿತ, ಅನುಮತ ಎಂಬ ಮೂರರಿಂದ, ಅದನ್ನು ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳಿಗೂ ಇದಕ್ಕೂ ಸಂಬಂಧವಿದೆಯೆಂದು ಹಿರಿಯರು ಹೇಳುವುದುಂಟು. ಈ 108ರಲ್ಲಿ ತಾನೇ ಮಾಡಿದ್ದು 36 ಮಾತ್ರ. ಮಿಕ್ಕ 72 ಮಾಡಿಸಿದ್ದು ಮತ್ತು ಒಪ್ಪಿದ್ದು. ವ್ಯಾಪಾರಿಯ ಪಾಪ ಬಹುಪಾಲು ಈ 72ರಲ್ಲಿ ಅಡಗಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ಣವಾಗಿ ಬಿಡಲಾಗದು. ಆ ದೇಶಗಳ ರೈತನೂ ಹೊಟ್ಟೆಗಾಗಿಯೇ ಹತ್ತಿ ಬೆಳೆದ. ನೀರು ಹಾಯಿಸದೆ ಆ ನೆಲದಲ್ಲಿ ಏನೂ ಬೆಳೆಯದು. ಅವನನ್ನು ದೂಷಿಸಲು ನಾವು ಯಾರು? ನಾನು ಅವನನ್ನು ದೂಷಿಸುವುದಿಲ್ಲ. ಆ ನದಿಗಳ ದಡದಲ್ಲಿ ಶತಶತಮಾನಗಳಿಂದ ಬೇಸಾಯ ನಡೆದಿತ್ತು, ಸಮುದ್ರವೂ ತುಂಬಿತ್ತು. ಹಿಂಸೆಗೂ ಜೀವನೋಪಾಯಕ್ಕೂ ನಡುವೆ ನಮ್ಮ ಆಚಾರ್ಯರು ಇಟ್ಟ ಗೆರೆಯೇ ಪರಿಮಾಣ. ಅಗತ್ಯದ ಆಚೆಗೆ ಹೋದದ್ದು, ಮರಳಿನಲ್ಲಿ ವ್ಯರ್ಥವಾಗಿ ಇಂಗಿದ್ದು, ವರ್ಷವರ್ಷವೂ ಹೆಚ್ಚುವ ಗುರಿಗಾಗಿ ಹರಿದದ್ದು, ಇವು ಉದ್ಯೋಗೀ ಹಿಂಸೆಯ ಹೆಸರಿನಲ್ಲಿ ಅಡಗಲಾರವು. ಅದು ಅನರ್ಥದಂಡ. ಕಾರಣವಿಲ್ಲದೆ ನೀರು ಚೆಲ್ಲುವುದನ್ನು ಪ್ರಮಾದಚರ್ಯೆಯಲ್ಲಿ ಎಣಿಸಿರುವ ಧರ್ಮ, ಕಾರಣವಿಲ್ಲದೆ ನದಿಯನ್ನು ಚೆಲ್ಲುವುದನ್ನು ಬೇರೆ ಯಾವುದರಲ್ಲಿ ಎಣಿಸೀತು?

ಇನ್ನು ನೆರೆಹೊರೆಯ ದೇಶಗಳ ಪ್ರಶ್ನೆ. ನೀರಿಗೆ ಗಡಿ ಇಲ್ಲ, ಗಡಿ ಹಾಕಿದ್ದರಿಂದಲೇ ಇಷ್ಟೆಲ್ಲ ಅನರ್ಥವೆಂದು ಕೆಲವರು ಹೇಳುತ್ತಾರೆ. ಅರಲಿನ ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ನದಿಗಳನ್ನು ತಿರುಗಿಸಿದಾಗ ಅಲ್ಲಿ ಇದ್ದದ್ದು ಒಂದೇ ಒಕ್ಕೂಟ, ಒಂದೇ ಆಡಳಿತ. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಐದು ದೇಶಗಳಾದವು; 1993ರಲ್ಲಿ ಅವುಗಳ ಅಧ್ಯಕ್ಷರು ಸೇರಿ ಅರಲ್ ಸಮುದ್ರದ ಉಳಿವಿಗಾಗಿ ಒಂದು ಅಂತರರಾಷ್ಟ್ರೀಯ ನಿಧಿಯನ್ನು ಸ್ಥಾಪಿಸಿದರು. ನಿಧಿ ಇದ್ದಾಗಲೂ ದಕ್ಷಿಣದ ನೀರು ಇಳಿಯುತ್ತಲೇ ಹೋಯಿತು. ಹೊಲಗಳಿಗೆ ಹೋಗುವ ನೀರನ್ನು ಸಮುದ್ರಕ್ಕೆ ಬಿಟ್ಟುಕೊಡುವಷ್ಟು ತ್ಯಾಗಕ್ಕೆ ಒಬ್ಬರೂ ಸಿದ್ಧರಿರಲಿಲ್ಲ. ಗಡಿ ಇಲ್ಲದಾಗ ಒಣಗಿಸಿದ್ದು ಯಾವುದೋ, ಗಡಿ ಬಂದ ಮೇಲೆ ತುಂಬಿಸದೆ ಉಳಿಸಿದ್ದೂ ಅದೇ. ಅದರ ಹೆಸರು ಲೋಭ.

ಇದಕ್ಕೆ ಪ್ರತಿಯಾಗಿ ಯೂರೋಪಿನ ಕಾನ್‌ಸ್ಟನ್ಸ್ ಸರೋವರವನ್ನು ನೋಡಬಹುದು. ಅದರ ದಡದಲ್ಲಿ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್ ಮೂರೂ ಇವೆ. ಅದರ ಮೇಲಿನ ದೊಡ್ಡ ಭಾಗದಲ್ಲಿ ಯಾರ ಗಡಿ ಎಲ್ಲಿ ಎಂಬುದನ್ನು ಈ ದೇಶಗಳು ಇಂದಿಗೂ ಒಪ್ಪಂದದಿಂದ ನಿರ್ಧರಿಸಿಕೊಂಡಿಲ್ಲ. ಆದರೂ 1959ರಲ್ಲಿ ದಡದ ರಾಜ್ಯಗಳು ಸೇರಿ ನೀರಿನ ರಕ್ಷಣೆಗೆ ಒಂದು ಆಯೋಗವನ್ನು ರಚಿಸಿದವು. ಕೊಳಚೆ ಮತ್ತು ಸಾಬೂನುಗಳಿಂದ ಸೇರುತ್ತಿದ್ದ ರಂಜಕವು 1980ರ ಸುಮಾರಿಗೆ ಲೀಟರಿಗೆ ಎಂಬತ್ತು ಮೈಕ್ರೋಗ್ರಾಮನ್ನು ದಾಟಿತ್ತು. ಪ್ರತಿಯೊಂದು ದೇಶವೂ ತನ್ನ ಊರುಗಳ ಕೊಳಚೆಯನ್ನು ತಾನೇ ಶುದ್ಧಿಮಾಡಿದ್ದರಿಂದ ಅದು ಈಗ ಹತ್ತಕ್ಕಿಂತ ಕೆಳಗಿದೆ. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಆ ನೀರನ್ನು ಕುಡಿಯುತ್ತಾರೆ. ನನ್ನ ಪಾಲು ಎಷ್ಟು ಎಂಬ ಪ್ರಶ್ನೆ ಅಲ್ಲಿ ಉತ್ತರವಿಲ್ಲದೆ ಉಳಿದಿದೆ. ನನ್ನ ಹೊಲಸು ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಪ್ರತಿಯೊಬ್ಬರೂ ಉತ್ತರ ಕೊಟ್ಟಿದ್ದಾರೆ. ಅಪರಿಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಲೌಕಿಕ ದೃಷ್ಟಾಂತ ನನಗೆ ಹೊಳೆಯದು. ಒಡೆತನ ತೀರ್ಮಾನವಾಗುವುದಕ್ಕೆ ಮೊದಲೇ ಸಂಯಮ ಸಾಧ್ಯ.

ಅರಲಿನಲ್ಲಿಯೂ ಒಂದು ಸಣ್ಣ ಬೆಳಕು ಕಂಡಿದೆ. ಅದರೊಳಗೂ ಒಂದು ಧರ್ಮಸಂಕಟವಿದೆ. ಕಜಕಸ್ತಾನವು ವಿಶ್ವಬ್ಯಾಂಕಿನ ಸಹಾಯದಿಂದ 2005ರಲ್ಲಿ ಕೋಕ್‌ಅರಲ್ ಎಂಬ ಸುಮಾರು 13 ಕಿಲೋಮೀಟರ್ ಉದ್ದದ ಒಡ್ಡನ್ನು ಕಟ್ಟಿ, ಸಿರ್ ದರಿಯಾದ ನೀರನ್ನು ಉತ್ತರದ ಸಣ್ಣ ಭಾಗದಲ್ಲಿ ತಡೆದು ನಿಲ್ಲಿಸಿತು. ಕೆಲವೇ ತಿಂಗಳುಗಳಲ್ಲಿ ಮಟ್ಟ ಏರಿತು, ಉಪ್ಪು ಇಳಿಯಿತು, ಸಿಹಿನೀರಿನ ಮೀನುಗಳು ಮರಳಿದವು. ಬಿಟ್ಟುಹೋಗಿದ್ದ ಊರುಗಳಿಗೆ ಜೀವ ಬಂತು. ಆದರೆ ಆ ಒಡ್ಡು ದಕ್ಷಿಣಕ್ಕೆ ಹರಿಯಬಹುದಾಗಿದ್ದ ನೀರನ್ನೂ ತಡೆಯಿತು. ಉತ್ತರದವನು ಹೇಳುತ್ತಾನೆ: ಆ ನೀರು ಬಿಸಿಲಿನ ಬಯಲಿನಲ್ಲಿ ಹರಡಿ ಆವಿಯಾಗುತ್ತಿತ್ತು, ಎಲ್ಲವೂ ಹೋಗುವಾಗ ಒಂದು ಭಾಗವನ್ನಾದರೂ ಉಳಿಸಿದೆ. ದಕ್ಷಿಣದವನು ಹೇಳುತ್ತಾನೆ: ನಾಯಿ ಸತ್ತರೂ ಬಾಯಿಗೆ ನೀರು ಬಿಡುವುದುಂಟು, ನಮಗೆ ಅದೂ ಇಲ್ಲವಾಯಿತು.

ಇಲ್ಲಿ ಅನೇಕಾಂತವನ್ನು ಸುಮ್ಮನೆ ಹೇಳಿ ತಪ್ಪಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಇಬ್ಬರೂ ಒಂದು ನಯದಿಂದ ಸರಿ ಎಂದು ತಲೆದೂಗಿ ಮನೆಗೆ ಹೋಗುವುದು ಅನೇಕಾಂತವಲ್ಲ. ಎದುರಿನವನ ನಯವು ನನ್ನ ನಿರ್ಣಯಕ್ಕೆ ಮಿತಿ ಹಾಕಬೇಕು. ಹಾಗೆ ನೋಡಿದರೆ ಒಡ್ಡು ಕಟ್ಟಿದ್ದು ಸರಿ. ಅದರ ತೂಬುಗಳಿಂದ ಹೆಚ್ಚುವರಿ ನೀರನ್ನು ದಕ್ಷಿಣಕ್ಕೆ ಬಿಡುವ ವ್ಯವಸ್ಥೆ ಇರುವುದೂ ಸರಿ. ದಕ್ಷಿಣವನ್ನು ಸತ್ತದ್ದೆಂದು ಲೆಕ್ಕದಿಂದ ತೆಗೆದುಹಾಕಿದರೆ ಮಾತ್ರ ಅದೇ ಒಡ್ಡು ಅಧರ್ಮವಾಗುತ್ತದೆ. ಅಮು ದರಿಯಾದ ವಿಷಯದಲ್ಲಿ ಇದೇ ಪ್ರಶ್ನೆ ಈಗ ಮತ್ತೆ ಎದ್ದಿದೆ. ಆ ನಿಧಿಯ ಸದಸ್ಯನಲ್ಲದ ಅಫಘಾನಿಸ್ತಾನವು 2022ರಲ್ಲಿ ಕೋಶ್ ತೇಪ ಎಂಬ 285 ಕಿಲೋಮೀಟರ್ ಉದ್ದದ ಕಾಲುವೆಯ ಕೆಲಸವನ್ನು ಆರಂಭಿಸಿತು. ಬಡತನದಲ್ಲಿರುವ ಜನ ತಮ್ಮ ನೆಲದಂಚಿನ ನದಿಯಿಂದ ನೀರು ಕೇಳಿದರೆ ಬೇಡವೆನ್ನಲು ಹಿಂದೆ ಧಾರಾಳವಾಗಿ ಬಳಸಿದವರಿಗೆ ಅಧಿಕಾರವಿಲ್ಲ. ಆದರೆ ಹಿಂದಿನವರ ಸರಃಶೋಷವು ಮುಂದಿನವರ ಸರಃಶೋಷವನ್ನು ಪುಣ್ಯವಾಗಿಸುವುದೂ ಇಲ್ಲ. ಎಲ್ಲರೂ ಸೇರಿ ಪರಿಮಾಣ ಹಾಕಿಕೊಳ್ಳುವುದೊಂದೇ ದಾರಿ. ಮೊದಲು ಕಡಿಮೆ ಮಾಡಬೇಕಾದವನು ಹೆಚ್ಚು ತೆಗೆದುಕೊಂಡವನು.

ಮತ್ತೆ ನನ್ನ ಅಂಗಡಿಗೆ ಬರುತ್ತೇನೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು. ಕದ್ದು ತಂದ ವಸ್ತುವನ್ನು ಕೊಳ್ಳುವುದು. ಕೆಳಗಿನ ಊರಿನವರ, ಮೀನು ಹಕ್ಕಿಗಳ ನೀರನ್ನು ಅವರು ಕೊಡದೆ ತೆಗೆದುಕೊಂಡದ್ದು ಅದತ್ತಾದಾನವಾದರೆ, ಅದರಿಂದ ಬೆಳೆದ ಸರಕನ್ನು ತಿಳಿದು ಕೊಳ್ಳುವುದು ಈ ಅತಿಚಾರಕ್ಕೆ ಸಮೀಪವಾಗುತ್ತದೆ. ತಿಳಿಯದೆ ಕೊಂಡರೆ? ಹಿಂಸೆಗೆ ಮೂಲ ಪ್ರಮತ್ತಯೋಗವೆಂದು ಸೂತ್ರಕಾರರು ಹೇಳುತ್ತಾರೆ. ತಿಳಿಯದಿರುವುದು ಬೇರೆ, ತಿಳಿಯಲೊಲ್ಲದಿರುವುದು ಬೇರೆ. ಎರಡನೆಯದು ಪ್ರಮಾದ. ನನ್ನ ನಲವತ್ತು ವರ್ಷಗಳಲ್ಲಿ ಎಷ್ಟು ಮೊದಲನೆಯದು, ಎಷ್ಟು ಎರಡನೆಯದು ಎಂಬುದನ್ನು ಪ್ರತಿಕ್ರಮಣದ ಹೊತ್ತಿನಲ್ಲಿ ನಾನೇ ಲೆಕ್ಕ ಹಾಕಬೇಕು.

ಒಬ್ಬ ವ್ಯಾಪಾರಿ ಕೇಳಿದರೆ ಏನಾದೀತು ಎನ್ನುವವರಿಗೆ ಒಂದು ಉದಾಹರಣೆ. ಉಜ್ಬೇಕಿಸ್ತಾನದಲ್ಲಿ ಹತ್ತಿ ಬಿಡಿಸಲು ಸರ್ಕಾರವೇ ಜನರನ್ನು, ಒಂದು ಕಾಲದಲ್ಲಿ ಶಾಲೆಯ ಮಕ್ಕಳನ್ನೂ, ಬಲವಂತದಿಂದ ಹೊಲಕ್ಕಿಳಿಸುತ್ತಿತ್ತು. ಜಗತ್ತಿನ ಮುನ್ನೂರಕ್ಕೂ ಹೆಚ್ಚು ಬಟ್ಟೆಯ ಸಂಸ್ಥೆಗಳು ಆ ಹತ್ತಿಯನ್ನು ಕೊಳ್ಳುವುದಿಲ್ಲವೆಂದು ಪ್ರತಿಜ್ಞೆ ಮಾಡಿದವು. 2021ರ ಸುಗ್ಗಿಯಲ್ಲಿ ವ್ಯವಸ್ಥಿತ ಬಲವಂತದ ದುಡಿಮೆ ಕೊನೆಗೊಂಡಿತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವರದಿ ಮಾಡಿದ ಬಳಿಕ, 2022ರಲ್ಲಿ ಆ ಬಹಿಷ್ಕಾರ ತೆರವಾಯಿತು. ಅಲ್ಲಿಯ ಜನರ ಹೋರಾಟ, ಸರ್ಕಾರದ ಬದಲಾವಣೆ, ಇವುಗಳ ಜೊತೆಗೆ ಕೊಳ್ಳುವವರ ನಿರಾಕರಣೆಗೂ ಅದರಲ್ಲಿ ಪಾಲಿತ್ತು. ಮನುಷ್ಯರ ಕೈಗಳಿಗಾಗಿ ಕೇಳಿದ ಪ್ರಶ್ನೆಯನ್ನು ನೀರಿಗಾಗಿಯೂ ಕೇಳಬಹುದು. ಬೇಡವೆನ್ನುವುದು ಕೂಡ ವ್ಯಾಪಾರಿಯ ಕೈಯಲ್ಲಿರುವ ಒಂದು ತಕ್ಕಡಿ.

ಇದು ದೂರದ ದೇಶದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಮಧ್ಯ ಏಷ್ಯದ ಕಡೆಯಿಂದ ಬರುತ್ತವೆ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಜೌಗುಭೂಮಿಗಳ ಒಪ್ಪಂದಕ್ಕೆ ಭಾರತವು 1982ರಲ್ಲಿ ಸೇರಿತು. ನೆರೆಯ ದೇಶಗಳು ಹಂಚಿಕೊಂಡ ನೀರಿನ ನೆಲೆಗಳ ಬಗ್ಗೆ ಪರಸ್ಪರ ಸಮಾಲೋಚನೆ ಮಾಡಬೇಕೆಂಬುದು ಅದರ ಒಂದು ವಿಧಿ. ಅರಲಿನ ಉತ್ತರ ಭಾಗ 2012ರಲ್ಲಿ ಆ ಪಟ್ಟಿಗೆ ಸೇರಿತು. ನಮ್ಮ ಮಾಗಡಿ ಕೆರೆ 2024ರಲ್ಲಿ ಸೇರಿತು. ಆ ಹಕ್ಕಿಗಳಿಗೆ ಅಲ್ಲೊಂದು, ಇಲ್ಲೊಂದು ನೆಲೆ ಬೇಕು. ಎರಡರಲ್ಲಿ ಒಂದು ಬತ್ತಿದರೂ ಅವುಗಳ ಬಾಳು ಅರ್ಧವಾಗುವುದಿಲ್ಲ, ಪೂರ್ಣವಾಗಿ ಮುಗಿಯುತ್ತದೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂದು ನಮ್ಮ ಸಭೆಗಳ ಫಲಕಗಳಲ್ಲೆಲ್ಲ ಬರೆಸುತ್ತೇವೆ. ಆ ತತ್ತ್ವಕ್ಕೆ ದೇಶದ ಗಡಿಯನ್ನು ಯಾವ ಆಚಾರ್ಯರೂ ಹಾಕಿಲ್ಲ.

ಪಾವಾಪುರಿಯ ಜಲಮಂದಿರ, ವರಂಗದ ಕೆರೆ ಬಸದಿ, ಕೊಳದಿಂದಲೇ ಹೆಸರು ಪಡೆದ ಬೆಳಗೊಳ, ಇವೆಲ್ಲ ನೀರಿನ ನಡುವೆ ಅಥವಾ ನೀರಿನ ಮಗ್ಗುಲಲ್ಲಿ ಇರುವ ನಮ್ಮ ಕ್ಷೇತ್ರಗಳು. ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಖರಕರ್ಮಗಳ ಪಟ್ಟಿಯನ್ನು ಓದುವಾಗ ಇಂದಿನ ವ್ಯಾಪಾರಗಳ ಹೆಸರು ಹಿಡಿದು ಚರ್ಚಿಸುವ ವ್ಯವಸ್ಥೆಯಾಗಲಿ. ಲೋಕದ ಸಾವದ್ಯ ಕರ್ಮಗಳು ಎಣಿಕೆಗೆ ಸಿಗುವಂಥವಲ್ಲವೆಂದು ಆಶಾಧರರೇ ಸೂಚಿಸಿರುವುದರಿಂದ ಪಟ್ಟಿ ಮುಗಿಯಿತೆಂದು ತಿಳಿಯಬಾರದು. ವಸ್ತ್ರದಾನಕ್ಕೆ ಬಟ್ಟೆ ಕೊಳ್ಳುವಾಗ ಬೆಲೆಯ ಜೊತೆಗೆ ಮೂಲವನ್ನೂ ಕೇಳಲಿ. ಸುತ್ತಲಿನ ಕೆರೆಯೊಂದರ ಹೂಳು, ಕೊಳಚೆ, ಒತ್ತುವರಿಗಳ ಲೆಕ್ಕವನ್ನು ವಾರ್ಷಿಕ ಜಮಾಖರ್ಚಿನೊಡನೆ ಸಭೆಯ ಮುಂದೆ ಇಡಲಿ. ಈ ವರ್ಷದಿಂದ ನನ್ನ ಅಂಗಡಿಯಲ್ಲಿ ಸಗಟು ಖರೀದಿಯ ಕಾಗದಕ್ಕೆ ಒಂದು ಸಾಲನ್ನು ಸೇರಿಸಿದ್ದೇನೆ: ಹತ್ತಿ ಎಲ್ಲಿಯದು, ನೀರು ಎಲ್ಲಿಯದು. ಹಲವರು ಉತ್ತರ ಬರೆಯುವುದಿಲ್ಲ, ಕೆಲವರು ನಗುತ್ತಾರೆ. ಆ ಸಾಲನ್ನು ಮಾತ್ರ ತೆಗೆಯುವುದಿಲ್ಲ.

ಆ ಹುಡುಗಿಗೆ ಮುಂದಿನ ಸ್ವಾಧ್ಯಾಯದಲ್ಲಿ ಎಲ್ಲರೆದುರು ಉತ್ತರ ಹೇಳಿದೆ: "ಕೆರೆ ಒಣಗಸೋ ವ್ಯಾಪಾರ ಯಾರು ಮಾಡ್ತಾರ ಅಂತ ಕೇಳಿದ್ದೆವ್ವಾ, ಕೇಳದs ಕೊಂಡವರು, ಕೇಳದs ಮಾರಿದವರು. ಅದರಾಗ ನಾನೂ ಒಬ್ಬ." ಸೋಸಿದ ಬಟ್ಟೆಯ ಜೀವಗಳನ್ನು ಅದೇ ನೀರಿಗೆ ಮುಟ್ಟಿಸುವುದು ನಮ್ಮ ತಾಯಂದಿರು ಕಲಿಸಿದ ಪಾಠ. ಮರಳಿ ಬಿಡುವುದಕ್ಕೆ ಆ ನೀರು ಉಳಿದಿರಬೇಕಲ್ಲವೇ? ಧರ್ಮಬಂಧುಗಳು ವಿಚಾರ ಮಾಡಬೇಕು.